ಮಾನ್ಯ, ಸೂಟು ಮತ್ತು 40 ಲಕ್ಷ

ಖಾನಾಪುರ ತಾಲ್ಲೂಕಿನ ಹಲಸಿಗೆ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿತ್ತು. ಅಲ್ಲಿ ಸಿಕ್ಕ ತಾಮ್ರಪಟಗಳು 19ನೇ ಶತಮಾನದಲ್ಲಿ ಫ್ಲೀಟ್ ಅವರ ಮೂಲಕ ವಿದ್ವಾಂಸರಿಗೆ ಪರಿಚಯವಾದವು. ಒಂದರಲ್ಲಿ ರಾಜ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕಾದಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನ ಸಂಘಗಳಿಗೆ 33 ನಿವರ್ತನ ಭೂಮಿ ಬಿಟ್ಟುಕೊಟ್ಟದ್ದು ದಾಖಲಾಗಿದೆ. ನಮ್ಮ ಸೀಮೆಯಲ್ಲಿ ಅರಸೊತ್ತಿಗೆ ತನ್ನ ಪಾಲನ್ನು ಬಿಟ್ಟುಕೊಟ್ಟದ್ದರ ಹಳೆಯ ಲಿಖಿತ ಸಾಕ್ಷಿಗಳಲ್ಲಿ ಇವೂ ಸೇರುತ್ತವೆ. ಆ ನೆಲವನ್ನು ಉತ್ತವನು ಯಾರು, ಅವನ ಹೊರೆ ಇಳಿಯಿತೇ ಎಂಬುದು ಪಟದಲ್ಲಿಲ್ಲ. ರಾಜನಿಗೆ ಸಲ್ಲುತ್ತಿದ್ದುದು ಬಸದಿಗೆ ಸಲ್ಲಲು ಶುರುವಾಯಿತು, ಅಷ್ಟೆ.

1204ರ ಬೆಳಗಾವಿಯ ಎರಡು ರಟ್ಟ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಾಲ್ಕನೇ ಕಾರ್ತವೀರ್ಯನ ಕಾಲದಲ್ಲಿ ರಟ್ಟ ಜಿನಾಲಯಕ್ಕೆ ಕೊಟ್ಟ ದತ್ತಿಯ ವಿವರ ಅವುಗಳಲ್ಲಿದೆ. ಅಲ್ಲಿ ವರ್ತಕರೂ ಇದ್ದಾರೆ. ಸ್ಥಳೀಯ ಸಂಘಗಳವರು, ಲಾಳ ಅಂದರೆ ಗುಜರಾತಿನ ಕಡೆಯವರು, ಮಲಯಾಳದವರು ಕೂಡಿ ಸರಕುಗಳ ಮೇಲೆ ತಾವೇ ಆಯ ನಿಗದಿ ಮಾಡಿ ಬಸದಿಗೆ ಬಿಡುತ್ತಾರೆ. ಸುಂಕವೆಂದರೆ ಮೇಲಿನಿಂದ ಬೀಳುವ ಹೊಡೆತ ಮಾತ್ರ ಎಂದುಕೊಂಡಿರುವ ನಮಗೆ, ಪೇಟೆಯವರೇ ಕೂತು ಅದನ್ನು ಕಟ್ಟಿದ್ದು ತುಸು ಬೆರಗು ಹುಟ್ಟಿಸುತ್ತದೆ.

ಇವೆಲ್ಲ ಮಾನ್ಯದ ಜಾತಿಗೆ ಸೇರಿದವು. ದೇವರಿಗೆ, ವಿದ್ವಾಂಸರಿಗೆ, ಸೇವಕರಿಗೆ ಸಂದ ಗೌರವ ಅಥವಾ ಕೂಲಿ. ಎರಡನೆಯ ಜಾತಿ ಸೂಟು: ಮಳೆ ಕೈಕೊಟ್ಟ ವರ್ಷ ಸರ್ಕಾರ ಮನಸ್ಸು ಮಾಡಿ ಬಿಡುವ ಕಂದಾಯ. ನಮ್ಮ ಕಡೆ ಶಾಲೆಯ ರಜೆಗೆ ಸೂಟಿ ಅನ್ನುತ್ತೇವೆ. ಎರಡೂ ಬಿಡುಗಡೆ ಎಂಬ ಅರ್ಥದ ಒಂದೇ ಮರಾಠಿ ಬೇರಿನವು. ಮಾನ್ಯಕ್ಕೆ ಕಾಗದವಿರುತ್ತದೆ, ಸೂಟಿಗೆ ಅಧಿಕಾರಿಯ ಕರುಣೆ ಬೇಕು. ಸಣ್ಣ ರೈತನಿಗೆ ಸಿಕ್ಕಿದ್ದು ಹೆಚ್ಚಾಗಿ ಎರಡನೆಯದೇ.

ಕಾಗದವಿದ್ದವರ ಕಥೆಯೂ ಸುಖದ್ದಲ್ಲ. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿಗಳೆಂಬ ಗ್ರಾಮರಕ್ಷಕರಿದ್ದರು. ಅವರಿಗೆ ಸಂಬಳವಿರಲಿಲ್ಲ, ಬದಲಿಗೆ ಉಂಬಳಿ ಹೊಲವಿತ್ತು. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಆತನ ಭೂಮಿಯಲ್ಲಿ ಬಹುಪಾಲನ್ನು ಕಿತ್ತುಕೊಂಡಿತು, ಉಳಿದದ್ದಕ್ಕೆ ಭಾರೀ ಕಂದಾಯ ಹಾಕಿತು. 1830ರಲ್ಲಿ ಆತನ ಪಡೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಬೀಡಿ ಇಂದು ಖಾನಾಪುರ ತಾಲ್ಲೂಕಿನಲ್ಲಿದೆ. ಆತನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡವೂ ಇದೇ ತಾಲ್ಲೂಕಿನದು. ರಾಯಣ್ಣನನ್ನು ನಾವು ಲಾವಣಿಯಲ್ಲಿ, ಪ್ರತಿಮೆಯಲ್ಲಿ ಉಳಿಸಿಕೊಂಡಿದ್ದೇವೆ, ಒಳ್ಳೆಯದೇ. ಆದರೆ ಆತನ ಬಂಡಾಯದ ಬುಡದಲ್ಲಿ ಒಂದು ಸಣ್ಣ ಹೊಲದ ತೆರಿಗೆ ವಿನಾಯಿತಿ ರದ್ದಾದ ಸಂಗತಿಯೂ ಇತ್ತು ಎಂಬುದನ್ನು ಯಾಕೋ ಪಠ್ಯಪುಸ್ತಕಗಳು ಬೇಗ ದಾಟಿಬಿಡುತ್ತವೆ.

ನನ್ನ ಸಂಶೋಧನೆಯ ವಿಷಯ ಇದರ ಮುಂದಿನ ಅಧ್ಯಾಯ. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮು ಭೂಮಿಗಳ ವಿಚಾರಣೆ ಶುರುವಾಯಿತು. 1852ರ 11ನೇ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನಿಮ್ಮ ಹೊಲಕ್ಕೆ ಕಂದಾಯವಿಲ್ಲ ಎನ್ನುತ್ತೀರಲ್ಲ, ಸನದು ತೋರಿಸಿ ಎಂಬುದು ಅದರ ಕೇಳಿಕೆ. ತಲೆಮಾರುಗಳಿಂದ ಅನುಭವಿಸುತ್ತ ಬಂದವನೇ ಹಕ್ಕನ್ನು ಸಾಬೀತು ಮಾಡಬೇಕಾಯಿತು. ಗೆದ್ದಲು ತಿಂದ ಕಾಗದ, ಬೆಂಕಿಗೆ ಹೋದ ಕಾಗದ, ಅಣ್ಣತಮ್ಮಂದಿರ ಜಗಳದಲ್ಲಿ ಕಳೆದುಹೋದ ಕಾಗದ, ಇವು ಯಾವ ಲೆಕ್ಕಕ್ಕೂ ಬರಲಿಲ್ಲ. ಈ ವಿಚಾರಣೆ ಹುಟ್ಟಿಸಿದ ಸಿಟ್ಟು 1857-58ರಲ್ಲಿ ಈ ಭಾಗದ ಅಶಾಂತಿಗೆ ಒಂದು ಕಾರಣವಾಯಿತು.

ಅದೇ ಕಾಲದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಮುಂಬಯಿ ಸರ್ವೆ ಪದ್ಧತಿಯನ್ನು ರೂಪಿಸುತ್ತಿದ್ದರು. 1847ರ ಜಂಟಿ ವರದಿ ಅದರ ಸಂವಿಧಾನದಂತಿತ್ತು. ಮಣ್ಣನ್ನು ಆಣೆಗಳಲ್ಲಿ ವರ್ಗೀಕರಿಸಿ 30 ವರ್ಷಕ್ಕೆ ಕಂದಾಯವನ್ನು ಗೊತ್ತುಪಡಿಸುವುದು ಅದರ ಕ್ರಮ. ರೈತ ಸ್ವಂತ ಖರ್ಚಿನಲ್ಲಿ ಬಾವಿ ತೋಡಿದರೆ, ಒಡ್ಡು ಹಾಕಿದರೆ ಆ ಸುಧಾರಣೆಗೆ ಕಂದಾಯ ಹೆಚ್ಚಿಸಬಾರದೆಂಬ ತತ್ವ ಈ ಪದ್ಧತಿಯಲ್ಲಿ ನೆಲೆಗೊಂಡು, 1879ರ ಭೂಕಂದಾಯ ಕಾಯ್ದೆಯಲ್ಲಿ ಉಳಿಯಿತು. ವಸಾಹತು ಸರ್ಕಾರದಿಂದ ಬಂದ ಇಷ್ಟು ವಿವೇಕದ ಮಾತನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಮಗ್ಗುಲಲ್ಲೇ ಇನ್ನೊಂದು ವಾದವಿತ್ತು: ದರ ಹಗುರವಾಗಿದೆ, ಒಳ್ಳೆಯ ವರ್ಷದ ಉಳಿತಾಯದಲ್ಲಿ ಕೆಟ್ಟ ವರ್ಷದ ಕಂದಾಯ ಕಟ್ಟಿ, ಸೂಟು ಕೇಳಬೇಡಿ. ಖಾನಾಪುರದ ಪಶ್ಚಿಮದ ಕಾಡಂಚಿನಲ್ಲಿ ಮಳೆ ಸುರಿದು ಭತ್ತ ಕೊಳೆಯುವ ವರ್ಷ, ಪೂರ್ವದ ಬಯಲಿನಲ್ಲಿ ಜೋಳ ಒಣಗುವ ವರ್ಷ, ಎರಡಕ್ಕೂ ಒಂದೇ ಗಡಿಯಾರ. 1876-78ರ ಬರ ಈ ಜಿಲ್ಲೆಯನ್ನು ಹಿಂಡಿತು. ಮುಂಬಯಿ ಪದ್ಧತಿಯ ಬಿಗಿತವನ್ನು ಕಡೆಗೆ 1901ರ ಕ್ಷಾಮ ಆಯೋಗವೇ ಟೀಕಿಸಿತು.

ಸುಧಾರಣೆಯ ಫಲ ಯಾರದು ಎಂಬ ಪ್ರಶ್ನೆ ಸ್ವತಂತ್ರ ಭಾರತದಲ್ಲಿ ಮಲಪ್ರಭೆಯ ಜೊತೆ ತಿರುಗಿ ಬಂತು. ನದಿ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಅಣೆಕಟ್ಟು ಇರುವುದು ಸವದತ್ತಿ ಬಳಿಯ ನವಿಲುತೀರ್ಥದಲ್ಲಿ. ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅದರ ಪಾಲು ಕೊಡಿ ಎಂದು ಸರ್ಕಾರ ಅಚ್ಚುಕಟ್ಟಿನ ರೈತರಿಗೆ ಅಭಿವೃದ್ಧಿ ಕರ ಹಾಕಿತು. ಕೆಲವರ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ, ಕೆಲವರ ಹೊಲ ಜೌಗಾಗಿತ್ತು. ಹತ್ತಿಯ ಬೆಲೆ ಕುಸಿದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಗುಂಡೂರಾವ್ ಸರ್ಕಾರ ರಿಯಾಯಿತಿಗಳನ್ನು ಘೋಷಿಸಿತು. ರಾಜ್ಯ ರೈತ ಸಂಘ ಹುಟ್ಟಿದ್ದೂ ಅದೇ ವರ್ಷ. ಈ ಸಲದ ಬಿಡುಗಡೆ ಕರುಣೆಯಿಂದ ಬರಲಿಲ್ಲ, ಹೆಣಗಳು ಬಿದ್ದ ಮೇಲೆ ಬಂತು.

ಪೇಟೆಯ ಕಡೆಗೆ ಬಂದರೆ, ಹೆಚ್ಚು ಸದ್ದಿಲ್ಲದೆ ಆದ ದೊಡ್ಡ ಬಿಡುಗಡೆ 1979ರದು. ದೇವರಾಜ ಅರಸರ ಸರ್ಕಾರ ಜಕಾತಿಯನ್ನು ತೆಗೆದುಹಾಕಿತು. ನಗರದ ಅಂಚಿನ ನಾಕಾಗಳಲ್ಲಿ ಸರಕು ಹೇರಿದ ಗಾಡಿ ನಿಲ್ಲಿಸಿ, ಮೂಟೆ ಬಿಚ್ಚಿಸಿ, ಕಾದು ಕಟ್ಟಬೇಕಿದ್ದ ಸುಂಕ ಅದು. ದೊಡ್ಡ ವರ್ತಕನಿಗೆ ಅದು ಖಾತೆಯ ಒಂದು ಸಾಲು, ತಲೆಹೊರೆಯವನಿಗೆ ಅರ್ಧ ದಿನ. ಅದರ ಜಾಗಕ್ಕೆ ರಾಜ್ಯ ಪ್ರವೇಶ ತೆರಿಗೆ ತಂದಿತು, 2017ರಲ್ಲಿ ಅದೂ ಜಿಎಸ್‌ಟಿಯೊಳಗೆ ಕರಗಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಮುಂಬಯಿ 2017ರವರೆಗೂ ಜಕಾತಿ ವಸೂಲಿ ಮಾಡುತ್ತಲೇ ಇತ್ತು.

ಜಿಎಸ್‌ಟಿ ಮೂರನೆಯ ಜಾತಿಯ ಬಿಡುಗಡೆಯನ್ನು ಗಟ್ಟಿಮಾಡಿತು: ಗೆರೆ. ಕೇವಲ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ. ಸನದೂ ಬೇಡ, ಸಾಹೇಬರ ಕೃಪೆಯೂ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಹೋದಾಗ, ಬೆಳಗಾವಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಫೋನ್ ಮಾಡಿದರು. ಅವರಿಗೇನೂ ನೋಟಿಸು ಬಂದಿರಲಿಲ್ಲ. "ಏನಪಾ, ಹಳೇ ಕಂದಾಯದ ಕಾಗದ ಓದ್ತೀಯಲ್ಲ, ಈ 40 ಲಕ್ಷದ ಲೆಕ್ಕ ಒಂದೀಟು ಹೇಳು" ಎಂದರು. ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ ಎಂದೆ. "ಅದು ವ್ಯಾಪಾರ, ಗಳಿಕೆ ಅಲ್ಲಲ್ಲಾ" ಎಂದರು. ಗೆರೆಯ ತೊಡಕು ಅದೇ. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕು ಮಾರಿದವರಿಗೂ ನೋಟಿಸು ಹೋಗಿತ್ತು. ಖಾತೆಗೆ ಬಂದ ಹಣದಲ್ಲಿ ಸಾಲವೆಷ್ಟು, ಮಗ ಕಳಿಸಿದ್ದೆಷ್ಟು ಎಂದು ವ್ಯಾಪಾರಿಯೇ ವಿವರಿಸಬೇಕಿತ್ತು. ಇನಾಮು ಕಡತಗಳ ಧೂಳು ಕುಡಿದವನಿಗೆ ಈ ಧಾಟಿ ಹೊಸದಲ್ಲ. ಕಡೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ವಿನಾಯಿತಿ ಇರುವ ಸರಕಿನವರಿಂದ ವಸೂಲಿ ಇಲ್ಲವೆಂದೂ, ಉಳಿದವರು ನೋಂದಣಿ ಮಾಡಿಸಿಕೊಳ್ಳಬೇಕೆಂದೂ ಹೇಳಿದರು.

ಬೇಸಾಯದ ಕುಟುಂಬಕ್ಕೆ ಇದೇ ಕಾಯ್ದೆಯಲ್ಲಿ ಬೇರೆ ಬಾಗಿಲಿದೆ. ತಾನೋ, ಮನೆಯವರ ದುಡಿಮೆಯಿಂದಲೋ, ಸ್ವಂತ ಮೇಲ್ವಿಚಾರಣೆಯ ಕೂಲಿಯಾಳುಗಳಿಂದಲೋ ನೆಲ ಉಳುವವನು ಕೃಷಿಕ, ತನ್ನ ಬೆಳೆ ಮಾರಲು ಅವನು ನೋಂದಣಿ ಮಾಡಿಸಬೇಕಿಲ್ಲ. ಖಾನಾಪುರದ ಗೇರುತೋಪಿನವರಿಗೆ ಇದು ಅನ್ವಯಿಸುವ ಬಗೆ ಸ್ವಾರಸ್ಯಕರ. ಸುಲಿಯದ ಗೇರುಬೀಜವನ್ನು ರೈತ ಮಾರಿದರೆ ತೆರಿಗೆ ಕಟ್ಟುವವನು ಕೊಳ್ಳುವ ನೋಂದಾಯಿತ ವ್ಯಾಪಾರಿ, ರೈತನಲ್ಲ. ಅದೇ ಮನೆಯವರು ಅಂಗಳದಲ್ಲಿ ಬೀಜ ಸುಲಿದು, ತಿರುಳನ್ನು ಡಬ್ಬಿಗೆ ತುಂಬಿ ಹೆಸರು ಹಚ್ಚಿ ಮಾರಿದರೆ, ಆ ಮಾರಾಟದ ಮಟ್ಟಿಗೆ ಅವರು ಕೃಷಿಕರಲ್ಲ. ಅಲ್ಲಿಂದ 40 ಲಕ್ಷದ ಗೆರೆಯ ಲೆಕ್ಕ ಶುರುವಾಗುತ್ತದೆ.