ಪೆಟ್ಟಿಗೆಯಲ್ಲಿ ಪಯಣಿಸಿದ ಪ್ರಯೋಗಾಲಯ

ನಮ್ಮ ಪ್ರಯೋಗಾಲಯದಲ್ಲಿ ಸಲೀಸಾಗಿ ನಡೆಯುವ ಪ್ರಯೋಗವನ್ನು ಪರಊರಿಗೆ ಹೊತ್ತೊಯ್ದು, ಗೊತ್ತುಪಡಿಸಿದ ವೇಳೆಗೆ ತಿಳಿದವರ ಮುಂದೆ ಮಾಡಿ ತೋರಿಸುವುದು ಸುಲಭವಲ್ಲ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಕೊಂಡೊಯ್ದ ಅಧ್ಯಾಪಕರಿಗೆ ಇದು ಚೆನ್ನಾಗಿ ಗೊತ್ತು.

1896ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಜಗದೀಶಚಂದ್ರ ಬೋಸ್ ತಮ್ಮ ವಿದ್ಯುತ್ಕಾಂತೀಯ ಅಲೆಗಳ ಉಪಕರಣದೊಡನೆ ಇಂಗ್ಲೆಂಡಿಗೆ ಹೊರಟರು. ಭಾರತೀಯರಿಗೆ ನಿಖರ ವಿಜ್ಞಾನ ಒಗ್ಗದು ಎಂಬ ಅಭಿಪ್ರಾಯ ಆಳುವವರಲ್ಲಿ ಬೇರೂರಿದ್ದ ಕಾಲವದು. ಬೋಸರ ಉಪಕರಣವಾದರೋ ಸ್ಥಳೀಯ ತಗಡು ಕೆಲಸಗಾರನ ನೆರವಿನಿಂದ ಸಿದ್ಧವಾದದ್ದು. ಪರೀಕ್ಷೆ ಉಪಕರಣಕ್ಕೆ ಮಾತ್ರವೇ ಆಗಿರಲಿಲ್ಲ.

ಅದು ಪೆಟ್ಟಿಗೆಯಲ್ಲಿ ಹಿಡಿಸಿದ್ದು ಹೇಗೆ? ಉತ್ತರವಿರುವುದು ಅಲೆಯುದ್ದದಲ್ಲಿ. ಹರ್ಟ್ಸ್ 1888ರಲ್ಲಿ ಬಳಸಿದ ಅಲೆಗಳ ಉದ್ದ ಸುಮಾರು 66 ಸೆಂ.ಮೀ. ಪಟ್ಟಕ ಮತ್ತು ದರ್ಪಣಗಳು ಅಲೆಯುದ್ದಕ್ಕಿಂತ ಸಾಕಷ್ಟು ದೊಡ್ಡವಾಗಿರದಿದ್ದರೆ ಅಲೆಗಳು ವಿವರ್ತನೆಗೊಂಡು ಚದರುತ್ತವೆ. ಆದ್ದರಿಂದ ಹರ್ಟ್ಸ್ ಡಾಂಬರಿನಂಥ ರಾಳದಿಂದ ಎರಕ ಹೊಯ್ದ ಪಟ್ಟಕ ಸುಮಾರು ಒಂದೂವರೆ ಮೀಟರ್ ಎತ್ತರವಿತ್ತು. ತೂಕ 600 ಕಿಲೋಗ್ರಾಮ್‌ನಷ್ಟು! ಬೋಸರ ಅಲೆಗಳ ಉದ್ದ 25ರಿಂದ 5 ಮಿ.ಮೀ. ಅವರ ಪಟ್ಟಕ ಕೈಯಲ್ಲಿ ಹಿಡಿಯುವಂಥದು. 5 ಮಿ.ಮೀ. ಅಲೆಯ ಆವೃತ್ತಿ ಎಷ್ಟೆಂದು ನೀವೇ ಲೆಕ್ಕಹಾಕಿ: 60 ಗಿಗಾಹರ್ಟ್ಸ್ ಬರುತ್ತದೆ.

ಅಲೆಗಳನ್ನು ಹೊಮ್ಮಿಸುವ ಪೆಟ್ಟಿಗೆಯ ಎತ್ತರ 7 ಅಂಗುಲ, ಉದ್ದ 6, ಅಗಲ 4. ಪ್ರೇರಣ ಸುರುಳಿಯೂ ಸಂಚಯ ಕೋಶವೂ ಅದರೊಳಗೇ. ಲೋಹದ ಜೋಡಿ ಗೋಡೆಯಿದ್ದುದರಿಂದ ಬೇಡದ ವಿಕಿರಣ ಹೊರಬಿದ್ದು ಗ್ರಾಹಕವನ್ನು ಕೆಣಕುತ್ತಿರಲಿಲ್ಲ. ಕಿಡಿ ಹಾರುವ ಗುಂಡುಗಳಿಗೆ ಬೋಸ್ ಪ್ಲಾಟಿನಮ್ ಆರಿಸಿದರು. ಇತರ ಲೋಹಗಳ ಮೈ ಕಿಡಿಯಿಂದ ಒರಟಾಗುತ್ತದೆ. ಅದನ್ನು ಮತ್ತೆ ಮತ್ತೆ ಉಜ್ಜಬೇಕು, ಇಲ್ಲವೆ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಪ್ಲಾಟಿನಮ್‌ನಿಂದ ಎರಡು ತೊಡಕೂ ತಪ್ಪಿದವು.

ಗ್ರಾಹಕದಲ್ಲಿ ಸಡಿಲ ಲೋಹದ ಪುಡಿಗೆ ಬದಲಾಗಿ ಉಕ್ಕಿನ ಪುಟ್ಟ ಸುರುಳಿಗಳನ್ನು ಸಾಲಾಗಿ ಕೂರಿಸಿದ್ದರು. ತಿರುಪು ತಿರುಗಿಸಿ ಒತ್ತಡವನ್ನು ಹೊಂದಿಸಬಹುದಿತ್ತು, ವೋಲ್ಟೇಜನ್ನೂ ಬದಲಿಸಬಹುದಿತ್ತು. ಪ್ರಯಾಣದಲ್ಲಿ ಉಪಕರಣ ಅಲುಗಿದರೂ ಹೊಸ ಸ್ಥಳದಲ್ಲಿ ಸರಿಪಡಿಸಿಕೊಳ್ಳಲು ಇಂಥ ಏರ್ಪಾಡು ಬೇಕು.

ಎಲ್ಲವನ್ನೂ ಹೊತ್ತೊಯ್ಯಬೇಕೆಂದೇನೂ ಇರಲಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನು ಇಟ್ಟಾಗ, ಪುಸ್ತಕವೇ ಅಲೆಗಳನ್ನು ಧ್ರುವೀಕರಿಸುವ ಸಾಧನವಾಯಿತು!

1896ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲ್‌ನ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಪ್ರಯೋಗ ಸಫಲವಾಯಿತು. ಅಲ್ಲಿದ್ದ ಲಾರ್ಡ್ ಕೆಲ್ವಿನ್ ಮನತುಂಬಿ ಮೆಚ್ಚಿದರು. 1897ರ ಜನವರಿ 29ರ ಶುಕ್ರವಾರ ಸಂಜೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬೋಸ್ ಉಪನ್ಯಾಸವಿತ್ತರು. ಫ್ಯಾರಡೆ ಪ್ರಯೋಗಗಳನ್ನು ತೋರಿಸುತ್ತಿದ್ದ ವೇದಿಕೆಯದು. ಅಲ್ಲಿ ಅವರು ಉಪಕರಣದ ರಚನೆಯನ್ನು ಬಚ್ಚಿಡದೆ ವಿವರಿಸಿದರು.

ಮುಂದಿನ ಸಲ ಪ್ರಯೋಗವೊಂದನ್ನು ಬೇರೆ ಶಾಲೆಗೆ ಒಯ್ಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಚಿಕ್ಕದಾಗಿಸಲು ಭೌತಶಾಸ್ತ್ರ ದಾರಿ ತೋರುವುದೇ? ಕೆಟ್ಟರೆ ಅಲ್ಲೇ ಸರಿಪಡಿಸಬಹುದೇ? ಹೋದ ಕಡೆ ಸಿಗುವುದೇನು? ಪೆಟ್ಟಿಗೆ ಕಟ್ಟುವುದನ್ನು ಹೊರಡುವ ದಿನಕ್ಕೆ ಬಿಡಬೇಡಿ. ಬೋಸರ ಪೆಟ್ಟಿಗೆ ಅಲೆಯುದ್ದವನ್ನು ಆರಿಸಿದಾಗಲೇ ಅರ್ಧ ಸಿದ್ಧವಾಗಿತ್ತು.