ಸೊಂಟನೋವಿಗೆ ಹಾಸಿಗೆ ಮದ್ದಲ್ಲ

ಯಾರಿಗೆ, ಏಕೆ

ಮುಂಬಯಿಯ ಮಾಟುಂಗ, ಫೋರ್ಟ್, ಚೆಂಬೂರುಗಳ ಉಡುಪಿ ಹೊಟೇಲುಗಳಲ್ಲಿ ಬೆಳಕು ಹರಿಯುವ ಮೊದಲೇ ಅಡುಗೆಮನೆ ಎದ್ದಿರುತ್ತದೆ. ರುಬ್ಬಿದ ಹಿಟ್ಟಿನ ಪಾತ್ರೆಯನ್ನು ನೆಲದಿಂದ ಬಗ್ಗಿ ಎತ್ತಿ, ಮೈಯಿಂದ ದೂರ ಹಿಡಿದುಕೊಂಡೇ ಪಕ್ಕಕ್ಕೆ ತಿರುಗುತ್ತಾರೆ. ಸೊಂಟ ಹಿಡಿಯುವುದು ಹೆಚ್ಚಾಗಿ ಆ ತಿರುವಿನಲ್ಲೇ. ವಿರಾರ್, ಡೊಂಬಿವಲಿಗಳಿಂದ ಲೋಕಲ್ ರೈಲಿನಲ್ಲಿ ಬರುವವರ ಪಾಡು ಬೇರೆ: ಗಂಟೆಗೂ ಮಿಕ್ಕಿ ನಿಂತು ಬಂದು, ಆಮೇಲೆ ದಿನವಿಡೀ ಕುರ್ಚಿ.

ಸೊಂಟದ ಭಾಗದಲ್ಲಿ 5 ಕಶೇರುಗಳಿವೆ. ಅವುಗಳ ನಡುವೆ ಮೆತ್ತನೆಯ ಡಿಸ್ಕ್. ಬಹುಪಾಲು ಸೊಂಟನೋವಿಗೆ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಲಾಗದು. ಸ್ನಾಯು, ಕೀಲು, ನಿದ್ದೆಗೇಡು, ಮನಸ್ಸಿನ ಒತ್ತಡ ಎಲ್ಲವೂ ಕೂಡಿಕೊಂಡಿರುತ್ತವೆ. ಡಿಸ್ಕ್ ಜಾರಿ ನರವನ್ನು ಒತ್ತಿದರೆ ನೋವು ಕಾಲಿಗೆ ಎಳೆಯುತ್ತದೆ, ಅದು ಸಯಾಟಿಕಾ. ನೋವೇ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬಿದ ಡಿಸ್ಕ್ ಕಾಣುವುದು ಸಾಮಾನ್ಯ. ಮೊದಲ ವಾರದಲ್ಲೇ ಸಾವಿರಾರು ರೂಪಾಯಿ ತೆತ್ತು ಸ್ಕ್ಯಾನ್ ಮಾಡಿಸಿ, ವರದಿ ನೋಡಿ ಹೆದರಿಕೊಳ್ಳಬೇಡಿ.

ಚಿಕಿತ್ಸೆ

ದಿಢೀರನೆ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಸಡಿಲಾಗುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೊರಗಿ ಚೇತರಿಕೆ ನಿಧಾನವಾಗುತ್ತದೆ. ಬಿಸಿಶಾಖ, ವೈದ್ಯರು ಹೇಳಿದಷ್ಟೇ ಮಾತ್ರೆ, ಮೆಲ್ಲನೆ ನಡಿಗೆ ಸಾಕು. 3 ತಿಂಗಳು ದಾಟಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ವ್ಯಾಯಾಮವನ್ನು ಸೂಚಿಸುತ್ತದೆ. ಸೊಂಟದ ಬೆಲ್ಟ್, ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ. ನಮ್ಮವರು ಮೊದಲು ಕೊಳ್ಳುವುದೇ ಬೆಲ್ಟ್! ಆ ಹಣ ಫಿಸಿಯೋಥೆರಪಿಗೆ ಹೋಗಲಿ. ಪರೇಲಿನ ಕೆಇಎಂ, ಸಯನ್, ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳಲ್ಲಿ ಅದು ಕಡಿಮೆ ಖರ್ಚಿನಲ್ಲಿ ಸಿಗುತ್ತದೆ; ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯೇ ಇದೆ.

ತಡ ಮಾಡಬಾರದ ಲಕ್ಷಣಗಳು

ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಕಸುವು ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಂಬಯಿಯವರು ಕ್ಷಯವನ್ನೂ ಮರೆಯಬಾರದು. ಒಂದೇ ಖೋಲಿಯಲ್ಲಿ ಹತ್ತಾರು ಜನ ಮಲಗುವ ಈ ಊರಲ್ಲಿ ಅದು ಸುಲಭವಾಗಿ ಹರಡುತ್ತದೆ, ಬೆನ್ನುಮೂಳೆಗೂ ತಗಲುತ್ತದೆ. ಆಗ ಕೆಮ್ಮು ಇರಲೇಬೇಕೆಂದಿಲ್ಲ. ಸಂಜೆಯ ಜ್ವರ, ಇಳಿಯುವ ತೂಕ, ರಾತ್ರಿಯೂ ಬಿಡದ ನೋವು ಇದ್ದರೆ ಮುಲಾಮು ತಿಕ್ಕುತ್ತ ಕೂರಬೇಡಿ. ಕ್ಷಯದ ಔಷಧ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ತಡೆಯುವ ಬಗೆ

ಪಾತ್ರೆಯನ್ನು ಮೈಗೆ ಆನಿಸಿ, ಮೊಣಕಾಲು ಮಡಚಿ ಎತ್ತಬೇಕು. ಸೊಂಟ ತಿರುಚದೆ ಪಾದ ಹೊರಳಿಸಬೇಕು. ಕುಳಿತು ದುಡಿಯುವವರು ಅರ್ಧ ಗಂಟೆಗೊಮ್ಮೆ ಏಳಲಿ. ಸಿಗರೇಟೂ ಸೊಂಟಕ್ಕೆ ಹಗೆ.

ಇಷ್ಟನ್ನೂ ಕಾರ್ಮಿಕನ ತಲೆಗೇ ಕಟ್ಟಿದರೆ ಅನ್ಯಾಯ. ಹಿಟ್ಟಿನ ಪಾತ್ರೆ ಇಡಲು ಸೊಂಟದೆತ್ತರದ ಕಟ್ಟೆ, ಭಾರಕ್ಕೆ ಜೊತೆಗೊಬ್ಬ ಆಳು, ನಿಂತೇ ಬಡಿಸುವ ಹುಡುಗರಿಗೆ ನಡುನಡುವೆ ಕೂರಲು ಸ್ಟೂಲು: ಇವನ್ನು ಒದಗಿಸಬೇಕಾದವರು ಮಾಲೀಕರು.