ಕುಂಬಾರನ ಆವಿಗೆಗೆ ಮರಳಿದ ಶೋಧಕ

ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಹಾಯಿಸಿ ರೋಗಾಣುಗಳನ್ನು ತಡೆಯುವ ವಿದ್ಯೆ ಪ್ರಯೋಗಾಲಯದ ಖಚಿತತೆಯನ್ನು ಪಡೆದದ್ದು 1884ರಲ್ಲಿ, ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಮೆರುಗು ಹಚ್ಚದ ಪಿಂಗಾಣಿ ಕೊಳವೆಯ ಶೋಧಕವನ್ನು ರೂಪಿಸಿದಾಗ. ಮುಂದಿನ ಶತಮಾನದಲ್ಲಿ ಯುರೇನಿಯಂ ಸಂವರ್ಧನೆಯ ಅಗತ್ಯಗಳಿಂದ ಬೆಳೆದ ಸೆರಾಮಿಕ್ ಪೊರೆಗಳು ಹಾಲು, ಹಣ್ಣಿನ ರಸಗಳ ಕಾರ್ಖಾನೆಗಳನ್ನೂ ಸೇರಿದವು. ಆದರೆ ಅವುಗಳಿಗೆ ಶುದ್ಧ ಅಲ್ಯೂಮಿನಾದಂಥ ದುಬಾರಿ ಪುಡಿಯೂ, ಆ ಪುಡಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುವಂತೆ ಕಾಯಿಸುವ ‘ಸಿಂಟರಿಂಗ್’ ಕ್ರಿಯೆಗೆ ಅತಿಯಾದ ಉಷ್ಣವೂ ಬೇಕಾದುದರಿಂದ, ಕಲುಷಿತ ನೀರಿನಿಂದ ಹೆಚ್ಚು ನರಳುವ ಬಡವರಿಗೆ ಅವು ಎಟುಕಲೇ ಇಲ್ಲ.

ಈ ಕೊರತೆಗೆ ಉತ್ತರ ದೊರೆತದ್ದು ಗ್ವಾಟೆಮಾಲಾದಲ್ಲಿ. 1981ರಲ್ಲಿ ಅಲ್ಲಿನ ರಸಾಯನವಿಜ್ಞಾನಿ ಫೆರ್ನಾಂಡೊ ಮಸಾರಿಯೆಗೊಸ್ ರೂಪಿಸಿದ ಮಡಕೆ ಶೋಧಕದ ಗುಟ್ಟೆಲ್ಲ ಇರುವುದು ಉರಿದುಹೋಗುವ ವಸ್ತುವಿನಲ್ಲಿ: ಜರಡಿ ಹಿಡಿದ ಮರದ ಹೊಟ್ಟನ್ನು ಜೇಡಿಮಣ್ಣಿನೊಂದಿಗೆ ಕಲಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ಆವಿಗೆಯಲ್ಲಿ ಸುಟ್ಟಾಗ ಹೊಟ್ಟು ಬೂದಿಯಾಗಿ, ಅದಿದ್ದ ಜಾಗಗಳು ನೀರಿಗೆ ದಾರಿಯಾಗುತ್ತವೆ. ಸುಟ್ಟ ಪ್ರತಿ ಮಡಕೆಯನ್ನೂ ನೆನೆಸಿ, ನೀರು ತುಂಬಿ, ಗಂಟೆಗೆ ಎಷ್ಟು ಜಿನುಗುತ್ತದೆಂದು ಅಳೆಯುವುದು ವಾಡಿಕೆ. ಸುಮಾರು ಒಂದರಿಂದ ಎರಡೂವರೆ ಲೀಟರ್ ಇಳಿದರೆ ಅದು ಸರಿಯಾದುದು, ಅದಕ್ಕಿಂತ ಬಹಳ ಬೇಗ ಇಳಿದರೆ ಬಿರುಕಿರುವ ಶಂಕೆಯಿಂದ ಅದನ್ನು ತಿರಸ್ಕರಿಸಲಾಗುತ್ತದೆ. ಬ್ಯಾಕ್ಟೀರಿಯಾಗಳ ವಿರುದ್ಧ ಹೆಚ್ಚಿನ ರಕ್ಷಣೆಗಾಗಿ ಕಲಿಲ ಬೆಳ್ಳಿಯನ್ನು, ಅಂದರೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಬೆಳ್ಳಿಯ ಕಣಗಳನ್ನು, ಲೇಪಿಸುತ್ತಾರೆ. ಬೆಳ್ಳಿ ಹಚ್ಚಿದರೂ ವೈರಸ್‌ಗಳನ್ನು ಈ ಮಡಕೆ ಅಷ್ಟಾಗಿ ತಡೆಯದು, ಕೈಜಾರಿದರೆ ಒಡೆಯುತ್ತದೆ. ಈ ಎರಡು ಮಿತಿಗಳನ್ನು ಮರೆಮಾಚಿ ಇದನ್ನು ಹೊಗಳುವುದು ಬಳಸುವವರಿಗೆ ಮಾಡುವ ಅನ್ಯಾಯ.

ಮಸಾರಿಯೆಗೊಸ್ ವಿನ್ಯಾಸವನ್ನು ದೇಶದೇಶಕ್ಕೆ ಒಯ್ದ ಶ್ರೇಯಸ್ಸು ಬಹುಪಾಲು ‘ಪಾಟರ್ಸ್ ಫಾರ್ ಪೀಸ್’ ಸಂಸ್ಥೆಯ ರಾನ್ ರಿವೆರಾ ಅವರಿಗೆ ಸಲ್ಲಬೇಕು. 1998ರ ಮಿಚ್ ಚಂಡಮಾರುತ ನಿಕರಾಗುವಾವನ್ನು ಧ್ವಂಸಗೊಳಿಸಿದ ಬಳಿಕ ಅಲ್ಲಿ ಶೋಧಕಗಳ ತಯಾರಿಕೆಗೆ ನೆರವಾದ ಅವರು, ಲಾರಿಗಳನ್ನು ಎತ್ತುವ ಸಾಮಾನ್ಯ ಜಾಕ್‌ನಿಂದಲೇ ಅಚ್ಚೊತ್ತುವ ಯಂತ್ರವನ್ನು ಬಳಕೆಗೆ ತಂದು, ಸ್ಥಳೀಯ ಕುಂಬಾರರೇ ಇದನ್ನು ನಡೆಸುವಂತೆ ಮಾಡಿದರು. ಕಾಂಬೋಡಿಯಾದಲ್ಲಿ ಮರದ ಹೊಟ್ಟಿನ ಬದಲು ಬತ್ತದ ಉಮಿ ಬಂದಿತು. ಭುವನೇಶ್ವರದ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ ಕೆಂಪು ಜೇಡಿ, ನದಿಯ ಮರಳು ಮತ್ತು ಮರದ ಹೊಟ್ಟಿನಿಂದ ‘ಟೆರಾಫಿಲ್’ ಎಂಬ ಶೋಧಕ ಬಿಲ್ಲೆಯನ್ನು ರೂಪಿಸಿತು.

ಕೈಗಾರಿಕಾ ಪೊರೆಗಳ ಸಂಶೋಧನೆಯೂ ಮತ್ತೆ ಅಗ್ಗದ ಮಣ್ಣಿನತ್ತ ಹೊರಳಿರುವುದು ಗಮನಾರ್ಹ. ಗುವಾಹಟಿಯ ಐಐಟಿಯೂ ಸೇರಿದಂತೆ ಹಲವೆಡೆ ಕೇಯೊಲಿನ್ ಎಂಬ ಬಿಳಿ ಜೇಡಿಗೆ ಸುಣ್ಣಕಲ್ಲಿನ ಮುಖ್ಯಾಂಶವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಸುಟ್ಟು ಪೊರೆಗಳನ್ನು ತಯಾರಿಸಲಾಗಿದ್ದು, ಇವುಗಳಲ್ಲಿ ರಂಧ್ರಗಳನ್ನು ಮೂಡಿಸುವುದು ಕಾರ್ಬೊನೇಟು ವಿಭಜನೆಗೊಂಡಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್.